ಅಯೋಡಿನ್ ಸ್ಕ್ಯಾನಿಗೆ ಸಿಗದ ಥೈರಾಯ್ಡ್ ಕ್ಯಾನ್ಸರ್ ಪೆಟ್ ಸ್ಕ್ಯಾನಿಗೆ ಸಿಗುವುದೇಕೆ?

ಥೈರಾಯ್ಡ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದಾಗಿದೆ. ವಿಕಿರಣಶೀಲ ಅಯೋಡಿನ್ ಚಿಕಿತ್ಸೆಯೂ ಮುಗಿದಿದೆ. ಆದರೆ ರಕ್ತ ಪರೀಕ್ಷೆ ಮಾಡಿಸಿದಾಗಲೆಲ್ಲ ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನಿನ ಮಟ್ಟ ಸ್ವಲ್ಪ ಸ್ವಲ್ಪವೇ ಏರುತ್ತಿದೆ. ಈ ಪ್ರೋಟೀನನ್ನು ತಯಾರಿಸುವುದು ಥೈರಾಯ್ಡ್ ಜೀವಕೋಶಗಳು ಮತ್ತು ಅವುಗಳಿಂದ ಹುಟ್ಟಿದ ಕ್ಯಾನ್ಸರ್ ಕೋಶಗಳು ಮಾತ್ರ. ಗ್ರಂಥಿಯೇ ಇಲ್ಲದವರ ರಕ್ತಕ್ಕೆ ಅದು ಎಲ್ಲಿಂದ ಬರುತ್ತಿದೆ? ಹುಡುಕಲೆಂದು ಇಡೀ ದೇಹದ ಅಯೋಡಿನ್ ಸ್ಕ್ಯಾನ್ ಮಾಡಿದರೆ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ರಕ್ತ ‘ಇದೆ’ ಎನ್ನುತ್ತದೆ, ಚಿತ್ರ ‘ಇಲ್ಲ’ ಎನ್ನುತ್ತದೆ.

ಥೈರಾಯ್ಡ್ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದು ತೀರಾ ಅಪರೂಪದ ಇಕ್ಕಟ್ಟೇನಲ್ಲ. ಇಂಥ ಹೊತ್ತಿನಲ್ಲಿಯೇ ವೈದ್ಯರು ಎಫ್‌ಡಿಜಿ ಪೆಟ್-ಸಿಟಿ ಸ್ಕ್ಯಾನ್, ಅಂದರೆ ವಿಕಿರಣಶೀಲ ಸಕ್ಕರೆ ದೇಹದಲ್ಲಿ ಎಲ್ಲೆಲ್ಲಿ ಸೇರುತ್ತದೆಂದು ನೋಡುವ ಪರೀಕ್ಷೆ, ಬರೆದುಕೊಡುತ್ತಾರೆ. ಅದನ್ನು ಇನ್ನಷ್ಟು ಸೂಕ್ಷ್ಮವಾದ, ಇನ್ನಷ್ಟು ದುಬಾರಿಯಾದ ಯಂತ್ರವೆಂದು ರೋಗಿಗಳು ತಿಳಿಯುವುದುಂಟು. ಆದರೆ ಈ ಎರಡು ಸ್ಕ್ಯಾನ್‌ಗಳ ನಡುವಿನ ವ್ಯತ್ಯಾಸ ಸಾಮರ್ಥ್ಯದ್ದಲ್ಲ, ಅವು ಕೇಳುವ ಪ್ರಶ್ನೆಯದು. ಈ ಕೋಶ ಇನ್ನೂ ಥೈರಾಯ್ಡ್ ಕೋಶದಂತೆ ನಡೆದುಕೊಳ್ಳುತ್ತಿದೆಯೇ ಎಂದು ಅಯೋಡಿನ್ ಸ್ಕ್ಯಾನ್ ಕೇಳುತ್ತದೆ. ಈ ಕೋಶಕ್ಕೆ ಸಕ್ಕರೆಯ ಹಸಿವು ಎಷ್ಟಿದೆ ಎಂದು ಪೆಟ್ ಕೇಳುತ್ತದೆ. ಆದ್ದರಿಂದ ಪೆಟ್ ಚಿತ್ರದಲ್ಲಿ ಏನಾದರೂ ಬೆಳಗಿದರೆ ರೋಗ ಎಲ್ಲಿದೆ ಎಂಬುದರ ಜೊತೆಗೆ ಅದರ ಸ್ವಭಾವವೂ ತಿಳಿಯುತ್ತದೆ. ಏನೂ ಬೆಳಗದಿದ್ದರೆ ಅದಕ್ಕೂ ಅರ್ಥವಿದೆ, ಹಲವು ಬಾರಿ ಒಳ್ಳೆಯ ಅರ್ಥವೇ.

ಅಯೋಡಿನ್ ಎಂಬ ಹಳೆಯ ಗುರುತು

ಥೈರಾಯ್ಡ್ ಹಾರ್ಮೋನ್ ತಯಾರಾಗಲು ಅಯೋಡಿನ್ ಬೇಕೇ ಬೇಕು. ರಕ್ತದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಅದನ್ನು ಒಳಗೆ ಎಳೆದುಕೊಳ್ಳಲು ಥೈರಾಯ್ಡ್ ಕೋಶದ ಪೊರೆಯಲ್ಲಿ ಸೋಡಿಯಂ ಅಯೋಡೈಡ್ ಸಿಂಪೋರ್ಟರ್ ಎಂಬ ಪ್ರೋಟೀನ್ ಇರುತ್ತದೆ. ಅದರ ಜೀನನ್ನು ಗುರುತಿಸಿದ್ದು 1996ರಲ್ಲಿ, ನ್ಯಾನ್ಸಿ ಕರಾಸ್ಕೋ ಅವರ ತಂಡ. ಆದರೆ ವೈದ್ಯರು ಅದಕ್ಕಿಂತ ಅರ್ಧ ಶತಮಾನ ಮೊದಲೇ ಅದರ ಫಲವನ್ನು ಪಡೆಯತೊಡಗಿದ್ದರು. 1941ರಲ್ಲಿ ಬಾಸ್ಟನ್ನಿನ ಸಾಲ್ ಹರ್ಟ್ಜ್, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದ್ದ ರೋಗಿಗೆ ವಿಕಿರಣಶೀಲ ಅಯೋಡಿನ್ ಕೊಟ್ಟರು. ನ್ಯೂಯಾರ್ಕಿನ ಸ್ಯಾಮ್ಯುಯೆಲ್ ಸೈಡ್ಲಿನ್ ಮತ್ತು ಅವರ ಸಂಗಡಿಗರು ದೇಹದ ಬೇರೆಡೆಗೆ ಹರಡಿದ್ದ ಥೈರಾಯ್ಡ್ ಕ್ಯಾನ್ಸರಿಗೆ ಅದೇ ಉಪಾಯವನ್ನು ಬಳಸಿ 1946ರಲ್ಲಿ ವರದಿ ಪ್ರಕಟಿಸಿದರು.

ಇಂದಿಗೂ ಬಳಕೆಯಲ್ಲಿರುವ ಅಯೋಡಿನ್-131ರ ಅರ್ಧಾಯುಷ್ಯ ಸುಮಾರು 8 ದಿನ. ಅದು ಹೊರಸೂಸುವ ಬೀಟಾ ಕಣಗಳು ಒಂದೆರಡು ಮಿಲಿಮೀಟರಿನೊಳಗೆ ನಿಂತು ಅಲ್ಲಿನ ಕೋಶಗಳನ್ನು ಕೊಲ್ಲುತ್ತವೆ. ಗಾಮಾ ಕಿರಣಗಳು ದೇಹದಿಂದ ಹೊರಬಂದು ಕ್ಯಾಮೆರಾಕ್ಕೆ ಚಿತ್ರ ಕೊಡುತ್ತವೆ. ನೋಡುವುದಕ್ಕೂ ಕೊಲ್ಲುವುದಕ್ಕೂ ಒಂದೇ ವಸ್ತು. ಬೇರೆ ಹೆಚ್ಚಿನ ಕ್ಯಾನ್ಸರ್‌ಗಳ ವೈದ್ಯರು ಅಸೂಯೆಪಡಬಹುದಾದ ಅನುಕೂಲವಿದು. ಪ್ಯಾಪಿಲರಿ ಮತ್ತು ಫಾಲಿಕ್ಯುಲರ್ ಎಂಬ ಸಾಮಾನ್ಯ ಬಗೆಯ ಥೈರಾಯ್ಡ್ ಕ್ಯಾನ್ಸರ್ ಬಂದವರಲ್ಲಿ ಬಹುತೇಕರು ದೀರ್ಘಕಾಲ ಚೆನ್ನಾಗಿ ಬದುಕುವುದಕ್ಕೆ ಇದೂ ಒಂದು ಕಾರಣ.

ತೊಂದರೆ ಬರುವುದು ಕ್ಯಾನ್ಸರ್ ಕೋಶ ತನ್ನ ಹುಟ್ಟುಗುಣವನ್ನು ಬಿಡತೊಡಗಿದಾಗ. ಕೆಲವು ಜೀನ್ ಬದಲಾವಣೆಗಳು, ಅದರಲ್ಲೂ ಪ್ಯಾಪಿಲರಿ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಬಿಆರ್‌ಎಎಫ್ ಜೀನಿನ ಬದಲಾವಣೆ, ಸಿಂಪೋರ್ಟರ್ ತಯಾರಿಕೆಯನ್ನು ತಗ್ಗಿಸುತ್ತವೆ. ತಯಾರಾದ ಅಲ್ಪಸ್ವಲ್ಪವೂ ಪೊರೆಯವರೆಗೆ ಬಾರದೆ ಕೋಶದ ಒಳಗೇ ಉಳಿದುಬಿಡುವುದುಂಟು. ಆದರೆ ಕೋಶ ಎಲ್ಲ ಗುಣಗಳನ್ನೂ ಒಟ್ಟಿಗೆ ಕಳೆದುಕೊಳ್ಳುವುದಿಲ್ಲ. ಅಯೋಡಿನ್ ಹಿಡಿಯುವ ಶಕ್ತಿ ಸಾಮಾನ್ಯವಾಗಿ ಮೊದಲು ಹೋಗುತ್ತದೆ, ಥೈರೋಗ್ಲೋಬ್ಯುಲಿನ್ ತಯಾರಿಸುವ ಶಕ್ತಿ ಅದಕ್ಕಿಂತ ಬಹುಕಾಲ ಉಳಿದಿರುತ್ತದೆ. ರಕ್ತ ಮತ್ತು ಚಿತ್ರ ಒಂದಕ್ಕೊಂದು ವಿರುದ್ಧವಾಗಿ ನುಡಿಯುವ ಗುಟ್ಟು ಈ ಅಂತರದಲ್ಲಿದೆ. ಇನ್ನೂ ಕೆಟ್ಟ ಹಂತದಲ್ಲಿ ಥೈರೋಗ್ಲೋಬ್ಯುಲಿನ್ ತಯಾರಿಕೆಯೂ ನಿಂತುಹೋಗುತ್ತದೆ. ಗಡ್ಡೆ ಬೆಳೆಯುತ್ತಿದ್ದು ಥೈರೋಗ್ಲೋಬ್ಯುಲಿನ್ ಮಾತ್ರ ಇಳಿಯುತ್ತಿದ್ದರೆ ಅದು ಸಂತೋಷಪಡುವ ಸಂಗತಿಯಲ್ಲ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಕ್ಯಾನ್ಸರ್ ಮರುಕಳಿಸಿದೆ ಎಂದಾಗ ವಾಸಿಯಾಗಿದ್ದ ರೋಗ ಹೊಸದಾಗಿ ಹುಟ್ಟಿತೆಂದು ಕೇಳಿದವರು ಭಾವಿಸುತ್ತಾರೆ. ಥೈರಾಯ್ಡ್ ಕ್ಯಾನ್ಸರಿನಲ್ಲಿ ಹಲವು ಬಾರಿ ನಡೆದಿರುವುದು ಬೇರೆಯೇ. ಪ್ಯಾಪಿಲರಿ ಕ್ಯಾನ್ಸರ್ ಕುತ್ತಿಗೆಯ ದುಗ್ಧಗ್ರಂಥಿಗಳಿಗೆ ಬಹಳ ಬೇಗ, ಬರಿಗಣ್ಣಿಗೆ ಕಾಣದಷ್ಟು ಸಣ್ಣದಾಗಿ ಹರಡುತ್ತದೆ. ಮೊದಲ ಶಸ್ತ್ರಚಿಕಿತ್ಸೆಯಲ್ಲಿ ಹಾಗೆ ಉಳಿದ ಕಣಗಳೇ ವರ್ಷಗಳ ನಂತರ ಕಾಣುವಷ್ಟು ದೊಡ್ಡದಾಗುತ್ತವೆ. ಅದು ಮರುಕಳಿಸಿದ ರೋಗವಲ್ಲ, ಉಳಿದುಕೊಂಡಿದ್ದ ರೋಗ. ಚಿಕಿತ್ಸೆಯ ದೃಷ್ಟಿಯಿಂದ ಎರಡೂ ಒಂದೇ ದಾರಿಯಲ್ಲಿ ಸಾಗಬಹುದು. ಆದರೆ ಹತ್ತು ವರ್ಷ ಸುಮ್ಮನಿದ್ದು ಈಗ ತಲೆಯೆತ್ತಿದ ರೋಗಕ್ಕೂ ಹತ್ತು ವರ್ಷವೂ ಇಂಚಿಂಚಾಗಿ ಬೆಳೆದ ರೋಗಕ್ಕೂ ಸ್ವಭಾವದಲ್ಲಿ ವ್ಯತ್ಯಾಸವಿದೆ. ಹಳೆಯ ವರದಿಗಳನ್ನು ಜೋಪಾನವಾಗಿ ಇಟ್ಟುಕೊಂಡಿರುವ ರೋಗಿ ವೈದ್ಯರಿಗೆ ದೊಡ್ಡ ಉಪಕಾರ ಮಾಡಿರುತ್ತಾರೆ.

‘ಏನೂ ಇಲ್ಲ’ ಎಂದ ಸ್ಕ್ಯಾನನ್ನು ನಂಬುವ ಮೊದಲು

ಅಯೋಡಿನ್ ಸ್ಕ್ಯಾನ್ ಖಾಲಿ ಬಂದ ಕೂಡಲೇ ಕ್ಯಾನ್ಸರ್ ಸ್ವಭಾವ ಬದಲಿಸಿತು ಎಂದು ತೀರ್ಮಾನಿಸುವುದು ಆತುರ. ಸ್ಕ್ಯಾನ್ ಸರಿಯಾಗಿ ನಡೆದಿರದ ಸಾಧ್ಯತೆಯೂ ಇದೆ. ಥೈರಾಯ್ಡ್ ಕೋಶ ಅಯೋಡಿನ್ ಎಳೆದುಕೊಳ್ಳಬೇಕಾದರೆ ಪಿಟ್ಯುಟರಿ ಗ್ರಂಥಿಯ ಟಿಎಸ್‌ಎಚ್ ಹಾರ್ಮೋನ್ ಅದನ್ನು ಪ್ರಚೋದಿಸಬೇಕು. ಅದಕ್ಕಾಗಿ ಥೈರಾಯ್ಡ್ ಮಾತ್ರೆಯನ್ನು ಕೆಲವು ವಾರ ನಿಲ್ಲಿಸುತ್ತಾರೆ, ಇಲ್ಲವೇ ಕೃತಕವಾಗಿ ತಯಾರಿಸಿದ ಟಿಎಸ್‌ಎಚ್ ಅನ್ನು ಸತತ ಎರಡು ದಿನ ಚುಚ್ಚುಮದ್ದಾಗಿ ಕೊಡುತ್ತಾರೆ. ಟಿಎಸ್‌ಎಚ್ ಸಾಕಷ್ಟು ಏರದಿದ್ದರೆ ಚಿತ್ರ ಖಾಲಿ ಬರುತ್ತದೆ. ದೇಹದಲ್ಲಿ ಮೊದಲೇ ಅಯೋಡಿನ್ ತುಂಬಿದ್ದರೂ ಅಷ್ಟೆ. ಹಿಂದಿನ ಕೆಲವು ವಾರಗಳಲ್ಲಿ ಸಿಟಿ ಸ್ಕ್ಯಾನಿಗಾಗಿ ಕಾಂಟ್ರಾಸ್ಟ್ ಔಷಧ ಹಾಕಿಸಿಕೊಂಡಿದ್ದರೆ ಅದರಲ್ಲಿರುವ ಅಯೋಡಿನ್ ಅಪಾರ. ಪರೀಕ್ಷೆಗಾಗಿ ಕೊಟ್ಟ ತುಸು ಅಯೋಡಿನ್ ಅದರ ನಡುವೆ ಕಳೆದೇಹೋಗುತ್ತದೆ. ಸಂದೇಹವಿದ್ದಾಗ ಮೂತ್ರದಲ್ಲಿನ ಅಯೋಡಿನ್ ಅಳೆದು ನೋಡುತ್ತಾರೆ.

ರಕ್ತದ ಅಂಕಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಸುಮಾರು ನಾಲ್ಕರಲ್ಲಿ ಒಬ್ಬ ಥೈರಾಯ್ಡ್ ಕ್ಯಾನ್ಸರ್ ರೋಗಿಯ ರಕ್ತದಲ್ಲಿ ಥೈರೋಗ್ಲೋಬ್ಯುಲಿನ್ನಿಗೇ ಪ್ರತಿಕಾಯಗಳು ಇರುತ್ತವೆ. ಅವು ಸಾಮಾನ್ಯ ಪ್ರಯೋಗಾಲಯ ವಿಧಾನದಲ್ಲಿ ಅಂಕಿಯನ್ನು ನಿಜಕ್ಕಿಂತ ಕಡಿಮೆ ತೋರಿಸುತ್ತವೆ. ಅಂಥವರಲ್ಲಿ ಥೈರೋಗ್ಲೋಬ್ಯುಲಿನ್ ಸೊನ್ನೆಯೆಂದು ಬಂದರೂ ನೆಮ್ಮದಿಪಡುವಂತಿಲ್ಲ. ಪ್ರತಿಕಾಯಗಳ ಮಟ್ಟ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆಯೇ, ಏರುತ್ತಿದೆಯೇ ಎಂಬುದನ್ನೇ ಅವರಲ್ಲಿ ಗಮನಿಸಬೇಕಾಗುತ್ತದೆ. ಆ ಮಟ್ಟ ಒಂದೇ ಸಮನೆ ಏರುತ್ತಿದ್ದರೆ ಅದೂ ಮುಂದಿನ ಹುಡುಕಾಟಕ್ಕೆ ಸಾಕಾದ ಕಾರಣ.

ಸಕ್ಕರೆಯ ಬೆನ್ನುಹತ್ತಿ

1920ರ ದಶಕದಲ್ಲಿ ಜರ್ಮನಿಯ ಓಟೋ ವಾರ್‌ಬರ್ಗ್ ಒಂದು ವಿಚಿತ್ರವನ್ನು ಗಮನಿಸಿದರು. ಆಮ್ಲಜನಕ ಸಾಕಷ್ಟಿದ್ದರೂ ಕ್ಯಾನ್ಸರ್ ಅಂಗಾಂಶ ಗ್ಲೂಕೋಸನ್ನು ಪೂರ್ತಿ ಉರಿಸದೆ, ಅರ್ಧಕ್ಕೇ ಲ್ಯಾಕ್ಟಿಕ್ ಆಮ್ಲವಾಗಿಸಿ ಬಿಟ್ಟುಬಿಡುತ್ತಿತ್ತು. ಈ ದಾರಿಯಲ್ಲಿ ಒಂದು ಗ್ಲೂಕೋಸ್ ಅಣುವಿನಿಂದ ಸಿಗುವ ಶಕ್ತಿ ಬಹಳ ಕಡಿಮೆ. ಹಾಗಾಗಿ ಅಂಥ ಕೋಶಗಳು ಹೆಚ್ಚು ಹೆಚ್ಚು ಗ್ಲೂಕೋಸನ್ನು ಒಳಗೆಳೆಯುತ್ತವೆ. (1931ರಲ್ಲಿ ಅವರಿಗೆ ಬಂದ ನೊಬೆಲ್ ಇದಕ್ಕಲ್ಲ, ಉಸಿರಾಟದ ಕಿಣ್ವವೊಂದರ ಸಂಶೋಧನೆಗೆ.) ಈ ಗಮನಿಕೆ ಹಲವು ದಶಕಗಳ ಕಾಲ ಪುಸ್ತಕದಲ್ಲೇ ಉಳಿದಿತ್ತು. 1976ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ವಿಕಿರಣಶೀಲ ಫ್ಲೋರಿನ್ ಅಂಟಿಸಿದ ಗ್ಲೂಕೋಸ್, ಅಂದರೆ ಎಫ್‌ಡಿಜಿ, ಸಿದ್ಧವಾಯಿತು. ಅದೇ ವರ್ಷದ ಆಗಸ್ಟಿನಲ್ಲಿ ಫಿಲಡೆಲ್ಫಿಯಾದಲ್ಲಿ ಅಬ್ಬಾಸ್ ಅಲಾವಿ ಅವರು ಅದನ್ನು ಮೊದಲ ಬಾರಿಗೆ ಇಬ್ಬರು ಸ್ವಯಂಸೇವಕರಿಗೆ ಕೊಟ್ಟರು. ಆಗ ಅವರು ನೋಡಹೊರಟಿದ್ದು ಮಿದುಳನ್ನು.

ಎಫ್‌ಡಿಜಿಯ ಜಾಣ್ಮೆ ಇರುವುದು ಅದು ಅರೆಬರೆ ಗ್ಲೂಕೋಸ್ ಆಗಿರುವುದರಲ್ಲಿ. ಕೋಶದ ಪೊರೆಯಲ್ಲಿರುವ ಗ್ಲೂಕೋಸ್ ಸಾಗಣೆಯ ಪ್ರೋಟೀನುಗಳು ಅದನ್ನು ನಿಜವಾದ ಗ್ಲೂಕೋಸ್ ಎಂದೇ ಒಳಗೆ ಬಿಟ್ಟುಕೊಳ್ಳುತ್ತವೆ. ಹೆಕ್ಸೋಕೈನೇಸ್ ಎಂಬ ಕಿಣ್ವ ಅದಕ್ಕೆ ಫಾಸ್ಫೇಟ್ ಜೋಡಿಸುತ್ತದೆ. ಮುಂದಿನ ಹೆಜ್ಜೆಗೆ ಬೇಕಾದ ಆಮ್ಲಜನಕದ ಪರಮಾಣು ಇರಬೇಕಾದ ಜಾಗದಲ್ಲಿ ಫ್ಲೋರಿನ್ ಕುಳಿತಿರುವುದರಿಂದ ಕ್ರಿಯೆ ಅಲ್ಲಿಗೇ ನಿಲ್ಲುತ್ತದೆ. ಅದು ಮುಂದಕ್ಕೂ ಹೋಗುವಂತಿಲ್ಲ, ಫಾಸ್ಫೇಟ್ ಅಂಟಿರುವುದರಿಂದ ಹೊರಕ್ಕೂ ಬರುವಂತಿಲ್ಲ. ಹೆಚ್ಚು ಗ್ಲೂಕೋಸ್ ಬೇಡುವ ಕೋಶದಲ್ಲಿ ಹೆಚ್ಚು ಎಫ್‌ಡಿಜಿ ಸೇರಿ ಉಳಿಯುತ್ತದೆ.

ಅಲ್ಲಿಂದ ಮುಂದಿನದು ಭೌತವಿಜ್ಞಾನ. ಫ್ಲೋರಿನ್-18ರ ಅರ್ಧಾಯುಷ್ಯ ಸುಮಾರು 110 ನಿಮಿಷ. ಅದು ಪಾಸಿಟ್ರಾನ್ ಎಂಬ ಕಣವನ್ನು ಹೊರಸೂಸುತ್ತದೆ. ಪಾಸಿಟ್ರಾನ್ ಹತ್ತಿರದ ಎಲೆಕ್ಟ್ರಾನನ್ನು ಸಂಧಿಸಿದೊಡನೆ ಎರಡೂ ಅಳಿದು, ಒಂದಕ್ಕೊಂದು ತೀರಾ ವಿರುದ್ಧ ದಿಕ್ಕಿನಲ್ಲಿ ಎರಡು ಗಾಮಾ ಕಿರಣಗಳು ಹೊರಡುತ್ತವೆ. ರೋಗಿಯ ಸುತ್ತ ಬಳೆಯಾಕಾರದಲ್ಲಿರುವ ಪತ್ತೆಕಾರಕಗಳು ಒಂದೇ ಕ್ಷಣದಲ್ಲಿ ಬಂದ ಇಂಥ ಜೋಡಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದು ಅವು ಹುಟ್ಟಿದ ಜಾಗವನ್ನು ಕಂಡುಹಿಡಿಯುತ್ತವೆ. ಆದರೆ ಪೆಟ್ ಒಂದೇ ಇದ್ದರೆ ಅದು ಕತ್ತಲಲ್ಲಿ ಹೊಳೆಯುವ ಚುಕ್ಕೆಗಳ ಚಿತ್ರ. ಚುಕ್ಕೆ ದುಗ್ಧಗ್ರಂಥಿಯಲ್ಲಿದೆಯೋ ಪಕ್ಕದ ಸ್ನಾಯುವಿನಲ್ಲಿದೆಯೋ ಹೇಳುವುದು ಕಷ್ಟ. ಥೈರಾಯ್ಡ್ ಕ್ಯಾನ್ಸರಿನಲ್ಲಿ ಕುತ್ತಿಗೆಯೇ ಮುಖ್ಯ ರಣರಂಗ, ಅಲ್ಲಿ ಎಲ್ಲವೂ ಒತ್ತೊತ್ತಾಗಿದೆ. 1998ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಡೇವಿಡ್ ಟೌನ್‌ಸೆಂಡ್ ಮತ್ತು ಸಂಗಡಿಗರು ಪೆಟ್ ಹಾಗೂ ಸಿಟಿಗಳನ್ನು ಒಂದೇ ಯಂತ್ರದಲ್ಲಿ ಸೇರಿಸಿದ ಮೇಲೆಯೇ ಈ ಪರೀಕ್ಷೆ ಶಸ್ತ್ರವೈದ್ಯರಿಗೆ ನಿಜವಾಗಿ ಉಪಯೋಗಕ್ಕೆ ಬಂತು.

ಇನ್ನು ಥೈರಾಯ್ಡಿನ ವಿಷಯಕ್ಕೆ ಬರೋಣ. ಚೆನ್ನಾಗಿ ರೂಪುಗೊಂಡ, ಅಂದರೆ ಸಹಜ ಥೈರಾಯ್ಡ್ ಕೋಶವನ್ನೇ ಹೋಲುವ ಕ್ಯಾನ್ಸರ್ ಕೋಶ ಅಯೋಡಿನ್ ಹಿಡಿಯುತ್ತದೆ, ಗ್ಲೂಕೋಸಿನ ಮೇಲೆ ಅದಕ್ಕೆ ಅಂಥ ಹಸಿವಿಲ್ಲ. ಹುಟ್ಟುಗುಣ ಬಿಟ್ಟ ಕೋಶ ಅಯೋಡಿನನ್ನು ಬಿಡುತ್ತದೆ, ಗ್ಲೂಕೋಸನ್ನು ಹಿಡಿಯುತ್ತದೆ. ಏತದ ಒಂದು ತುದಿ ಇಳಿದಾಗ ಇನ್ನೊಂದು ಏರುವಂತೆ ಇವೆರಡೂ ಎದುರುಬದುರಾಗಿ ನಡೆಯುವುದನ್ನು 1990ರ ದಶಕದಲ್ಲೇ ಗುರುತಿಸಿದ್ದರು. ಇದು ಕಟ್ಟುನಿಟ್ಟಾದ ನಿಯಮವಲ್ಲ. ಒಬ್ಬರೇ ರೋಗಿಯ ಒಂದು ಗಂಟು ಅಯೋಡಿನ್ ಹಿಡಿದು ಇನ್ನೊಂದು ಎಫ್‌ಡಿಜಿ ಹಿಡಿಯುವುದುಂಟು. ಎರಡನ್ನೂ ಹಿಡಿಯುವ ಗಂಟುಗಳೂ ಇವೆ. ಆದರೂ ಪೆಟ್ ಸ್ಕ್ಯಾನನ್ನು ಯಾರಿಗೆ ಮಾಡಿಸಬೇಕೆಂಬ ಲೆಕ್ಕಾಚಾರವೆಲ್ಲ ನಿಂತಿರುವುದು ಈ ತಿಳಿವಳಿಕೆಯ ಮೇಲೆ.

ಯಾರಿಗೆ, ಯಾವಾಗ

ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸದೆ ಪೆಟ್ ಸ್ಕ್ಯಾನಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಉಳಿದ ಅಥವಾ ಮರುಕಳಿಸಿದ ರೋಗ ಹೆಚ್ಚಾಗಿ ಇರುವುದು ಕುತ್ತಿಗೆಯಲ್ಲಿಯೇ. ನುರಿತ ಕೈಯಲ್ಲಿ ಅಲ್ಟ್ರಾಸೌಂಡ್ ಕೆಲವೇ ಮಿಲಿಮೀಟರ್ ಗಾತ್ರದ ಗಂಟನ್ನೂ ಹಿಡಿಯುತ್ತದೆ, ವಿಕಿರಣವೂ ಇಲ್ಲ. ಸಂದೇಹದ ಗಂಟು ಸಿಕ್ಕರೆ ಸೂಜಿಯಿಂದ ಕೋಶಗಳನ್ನು ತೆಗೆದು ನೋಡಬಹುದು. ಆ ಸೂಜಿಯನ್ನು ತೊಳೆದ ದ್ರವದಲ್ಲಿ ಥೈರೋಗ್ಲೋಬ್ಯುಲಿನ್ ಅಳೆದರೆ ಉತ್ತರ ಇನ್ನೂ ಖಚಿತ. ಅಲ್ಟ್ರಾಸೌಂಡಿಗೆ ಎಟುಕದ ಜಾಗಗಳೂ ಇವೆ: ಗಂಟಲಿನ ಹಿಂಭಾಗ, ಎದೆಮೂಳೆಯ ಹಿಂದಿನ ದುಗ್ಧಗ್ರಂಥಿಗಳು, ಶ್ವಾಸಕೋಶ, ಮೂಳೆಗಳು. ಪೆಟ್-ಸಿಟಿ ನೆರವಾಗುವುದು ಅಲ್ಲಿ.

ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್ 2015ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ, ಹೆಚ್ಚು ಅಪಾಯದ ಗುಂಪಿನ ರೋಗಿಗಳಲ್ಲಿ ಥೈರೋಗ್ಲೋಬ್ಯುಲಿನ್ ಏರಿದ್ದು, ಅಂದರೆ ಸಾಮಾನ್ಯವಾಗಿ ಮಿಲಿಲೀಟರಿಗೆ 10 ನ್ಯಾನೋಗ್ರಾಂಗಿಂತ ಮೇಲಿದ್ದು, ಅಯೋಡಿನ್ ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಎಫ್‌ಡಿಜಿ ಪೆಟ್ ಪರಿಗಣಿಸಬೇಕು. 10 ಎಂಬುದು ದೇವರು ಬರೆದ ಗೆರೆಯಲ್ಲ. ಅಂಕಿ ಹೆಚ್ಚಿದಷ್ಟೂ ಕ್ಯಾನ್ಸರ್ ಕೋಶಗಳ ರಾಶಿ ಹೆಚ್ಚು, ರಾಶಿ ಹೆಚ್ಚಿದಷ್ಟೂ ಪೆಟ್ ಅದನ್ನು ಹಿಡಿಯುವ ಸಾಧ್ಯತೆ ಹೆಚ್ಚು ಎಂಬುದಷ್ಟೇ ಅದರ ಹಿಂದಿನ ತರ್ಕ. ಅದೇ ಮಾರ್ಗಸೂಚಿ ಒಟ್ಟುಗೂಡಿಸಿದ ಅಧ್ಯಯನಗಳಲ್ಲಿ ಅಯೋಡಿನ್ ಹಿಡಿಯದ ಕ್ಯಾನ್ಸರನ್ನು ಪೆಟ್ ಪತ್ತೆಹಚ್ಚಿದ ಪ್ರಮಾಣ ಸರಾಸರಿ ನೂರಕ್ಕೆ 83. ಆದರೆ ಒಂದೊಂದು ಅಧ್ಯಯನದಲ್ಲಿ ಅದು 50ರಿಂದ 100ರವರೆಗೂ ಓಡಾಡುತ್ತದೆ. ಅಷ್ಟು ಅಗಲದ ಹರವಿಗೆ ಕಾರಣ ಯಂತ್ರವಲ್ಲ, ಪರೀಕ್ಷೆಗೆ ಆಯ್ದುಕೊಂಡ ರೋಗಿಗಳು. ಅಂಕಿ 1 ಅಥವಾ 2 ಇರುವವರಿಗೆಲ್ಲ ಈ ಸ್ಕ್ಯಾನ್ ಬರೆಯತೊಡಗಿದರೆ ಸಿಗುವುದು ರೋಗಕ್ಕಿಂತ ಹೆಚ್ಚಾಗಿ ಗೊಂದಲ.

ಒಂದೇ ಅಂಕಿಗಿಂತ ಅದರ ನಡಿಗೆ ಹೆಚ್ಚು ಹೇಳುತ್ತದೆ ಎಂಬುದನ್ನೂ ಇಲ್ಲಿ ಸೇರಿಸಬೇಕು. ಐದು ವರ್ಷಗಳಿಂದ 12ರ ಆಸುಪಾಸಿನಲ್ಲೇ ನಿಂತಿರುವ ಥೈರೋಗ್ಲೋಬ್ಯುಲಿನ್ನಿಗೂ ಒಂದು ವರ್ಷದೊಳಗೆ 4ರಿಂದ 12ಕ್ಕೆ ಏರಿದ್ದಕ್ಕೂ ಬಹಳ ವ್ಯತ್ಯಾಸ. ಅಂಕಿ ಇಮ್ಮಡಿಯಾಗಲು ಒಂದು ವರ್ಷಕ್ಕಿಂತ ಕಡಿಮೆ ಸಮಯ ಹಿಡಿಯುತ್ತಿದ್ದರೆ ರೋಗ ಚುರುಕಾಗಿದೆ ಎಂದರ್ಥ.

ಕ್ಯಾನ್ಸರಿನ ಬಗೆಯೂ ಲೆಕ್ಕಕ್ಕೆ ಬರುತ್ತದೆ. ಹಿಂದೆ ಹರ್ತಲ್ ಕೋಶದ ಕ್ಯಾನ್ಸರ್ ಎಂದು ಕರೆಯುತ್ತಿದ್ದ, ಈಗ ಆಂಕೋಸೈಟಿಕ್ ಎನ್ನುವ ಬಗೆ ಅಯೋಡಿನನ್ನು ಸರಿಯಾಗಿ ಹಿಡಿಯುವುದಿಲ್ಲ, ಎಫ್‌ಡಿಜಿಯನ್ನು ಚೆನ್ನಾಗಿ ಹಿಡಿಯುತ್ತದೆ. ಸರಿಯಾಗಿ ರೂಪುಗೊಳ್ಳದ ಬಗೆ ಮತ್ತು ಅತ್ಯಂತ ಉಗ್ರವಾದ ಅನಾಪ್ಲಾಸ್ಟಿಕ್ ಬಗೆಗಳಲ್ಲಿ ಪೆಟ್ ಸ್ಕ್ಯಾನನ್ನು ಆರಂಭದಲ್ಲಿಯೇ ಮಾಡುತ್ತಾರೆ. ಮೆಡ್ಯುಲರಿ ಕ್ಯಾನ್ಸರಿನ ಕಥೆಯೇ ಬೇರೆ. ಅದು ಹುಟ್ಟುವುದು ಥೈರಾಯ್ಡಿನೊಳಗಿನ ಸಿ-ಕೋಶಗಳಿಂದ. ಅವು ಮೊದಲಿಂದಲೂ ಅಯೋಡಿನ್ ಹಿಡಿಯುವುದಿಲ್ಲ, ಥೈರೋಗ್ಲೋಬ್ಯುಲಿನ್ ತಯಾರಿಸುವುದಿಲ್ಲ. ಅಲ್ಲಿ ನೋಡುವುದು ರಕ್ತದಲ್ಲಿನ ಕ್ಯಾಲ್ಸಿಟೋನಿನ್ ಮತ್ತು ಸಿಇಎ ಎಂಬ ಗುರುತುಗಳನ್ನು. ಅದರಲ್ಲಿ ಎಫ್‌ಡಿಜಿಗಿಂತ ಎಫ್-ಡೋಪಾ ಎಂಬ ಬೇರೊಂದು ವಸ್ತುವನ್ನು ಬಳಸಿದ ಪೆಟ್ ಹೆಚ್ಚು ಫಲ ಕೊಡುತ್ತದೆ. ಎಫ್‌ಡಿಜಿ ಉಪಯೋಗಕ್ಕೆ ಬರುವುದು ರೋಗ ವೇಗವಾಗಿ ಬೆಳೆಯುತ್ತಿರುವಾಗ.

ಪರೀಕ್ಷೆಯ ದಿನ

ಸ್ಕ್ಯಾನಿಗೆ ಮೊದಲು ನಾಲ್ಕರಿಂದ ಆರು ಗಂಟೆ ಉಪವಾಸವಿರಬೇಕು, ನೀರು ಕುಡಿಯಬಹುದು. ಊಟ ಮಾಡಿದರೆ ಇನ್ಸುಲಿನ್ ಏರುತ್ತದೆ, ಇನ್ಸುಲಿನ್ ಗ್ಲೂಕೋಸನ್ನು ಸ್ನಾಯುಗಳತ್ತ ಅಟ್ಟುತ್ತದೆ, ಎಫ್‌ಡಿಜಿಯೂ ಅತ್ತಲೇ ಹೋಗುತ್ತದೆ. ಹಿಂದಿನ ದಿನ ಭಾರೀ ವ್ಯಾಯಾಮ ಬೇಡ ಎನ್ನುವುದೂ ಇದಕ್ಕೇ. ಮಧುಮೇಹವಿರುವವರು ಮಾತ್ರೆ ಮತ್ತು ಇನ್ಸುಲಿನ್ ವೇಳೆಯ ಬಗ್ಗೆ ಮುಂಚಿತವಾಗಿ ಕೇಳಿಕೊಳ್ಳಬೇಕು. ರಕ್ತದ ಸಕ್ಕರೆ ಡೆಸಿಲೀಟರಿಗೆ 200 ಮಿಲಿಗ್ರಾಂ ದಾಟಿದ್ದರೆ ಸ್ಕ್ಯಾನನ್ನು ಸಾಮಾನ್ಯವಾಗಿ ಮುಂದೂಡುತ್ತಾರೆ, ಏಕೆಂದರೆ ರಕ್ತದ ಗ್ಲೂಕೋಸ್ ಎಫ್‌ಡಿಜಿಯೊಂದಿಗೆ ಪೈಪೋಟಿಗಿಳಿಯುತ್ತದೆ.

ಚುಚ್ಚುಮದ್ದು ಕೊಟ್ಟ ಮೇಲೆ ಸುಮಾರು ಒಂದು ಗಂಟೆ ಬೆಚ್ಚಗೆ, ಸುಮ್ಮನೆ ಕುಳಿತಿರಬೇಕು. ಮಾತೂ ಆಡಬಾರದು ಎನ್ನುವುದು ಹಲವರಿಗೆ ತಮಾಷೆಯಾಗಿ ಕಾಣುತ್ತದೆ, ಅದರ ಕಾರಣ ಮುಂದೆ ಬರುತ್ತದೆ. ಯಂತ್ರದೊಳಗೆ ಮಲಗುವ ಸಮಯ ಹೆಚ್ಚೆಂದರೆ ಅರ್ಧ ಗಂಟೆ. 370 ಮೆಗಾಬೆಕರೆಲ್ ಎಫ್‌ಡಿಜಿಯಿಂದ ದೇಹಕ್ಕೆ ತಗಲುವ ವಿಕಿರಣ ಸುಮಾರು 7 ಮಿಲಿಸೀವರ್ಟ್. ಭೂಮಿ ಮತ್ತು ಆಕಾಶದಿಂದ ಸಹಜವಾಗಿ ನಮಗೆಲ್ಲ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಸಿಟಿ ಭಾಗದ ವಿಕಿರಣ ಇದರ ಮೇಲೆ ಸೇರುತ್ತದೆ. ಗರ್ಭಿಣಿಯರು ತಪ್ಪದೆ ಮೊದಲೇ ತಿಳಿಸಬೇಕು, ಎದೆಹಾಲು ಕುಡಿಸುವವರು ಕೂಡ.

ಪೆಟ್ ಸ್ಕ್ಯಾನಿಗೂ ಟಿಎಸ್‌ಎಚ್ ಏರಿಸಬೇಕೇ ಎಂಬ ಪ್ರಶ್ನೆಗೆ ಉತ್ತರ ಇನ್ನೂ ಎರಡು ಬಗೆಯಾಗಿದೆ. ಟಿಎಸ್‌ಎಚ್ ಪ್ರಚೋದನೆಯಿಂದ ಥೈರಾಯ್ಡ್ ಮೂಲದ ಕೋಶಗಳು ಗ್ಲೂಕೋಸನ್ನೂ ಹೆಚ್ಚು ಹಿಡಿಯುತ್ತವೆ, ಹಾಗಾಗಿ ಇನ್ನೂ ಕೆಲವು ಚುಕ್ಕೆಗಳು ಕಾಣಿಸಿಕೊಳ್ಳುತ್ತವೆ. ಆದರೆ ಹಾಗೆ ಹೆಚ್ಚಾಗಿ ಕಂಡದ್ದರಿಂದ ಚಿಕಿತ್ಸೆ ಬದಲಾದ ರೋಗಿಗಳು ಬಹಳ ಕಡಿಮೆ ಎಂದು 2009ರ ಫ್ರೆಂಚ್ ಅಧ್ಯಯನವೊಂದು ತೋರಿಸಿತು. ಎಲ್ಲರಿಗೂ ಅದು ಬೇಕೆಂದು ನನಗೆ ಅನಿಸುವುದಿಲ್ಲ.

ಬೆಳಗಿದ್ದೆಲ್ಲ ಕ್ಯಾನ್ಸರ್ ಅಲ್ಲ

ಪೆಟ್ ವರದಿಯಲ್ಲಿ ಎಸ್‌ಯುವಿ ಎಂಬ ಅಂಕಿ ಇರುತ್ತದೆ. ಕೊಟ್ಟ ಎಫ್‌ಡಿಜಿ ಇಡೀ ದೇಹದಲ್ಲಿ ಸಮನಾಗಿ ಹಂಚಿಕೊಂಡಿದ್ದರೆ ಇರುತ್ತಿದ್ದ ಮಟ್ಟಕ್ಕಿಂತ ಈ ಜಾಗದಲ್ಲಿ ಎಷ್ಟು ಪಟ್ಟು ಹೆಚ್ಚಿದೆ ಎಂಬುದನ್ನು ಅದು ಹೇಳುತ್ತದೆ. ವರದಿ ಕೈಗೆ ಬಂದೊಡನೆ ರೋಗಿಗಳು ಮೊದಲು ಹುಡುಕುವುದು ಈ ಅಂಕಿಯನ್ನೇ. ಇಷ್ಟಕ್ಕಿಂತ ಮೇಲಿದ್ದರೆ ಕ್ಯಾನ್ಸರ್, ಕೆಳಗಿದ್ದರೆ ಅಲ್ಲ ಎನ್ನುವ ಗೆರೆ ಯಾವುದೂ ಇಲ್ಲ. ಎಫ್‌ಡಿಜಿ ಹುಡುಕುವುದು ಗ್ಲೂಕೋಸಿನ ಹಸಿವನ್ನು, ಕ್ಯಾನ್ಸರನ್ನಲ್ಲ. ಆ ಹಸಿವು ಬೇರೆ ಹಲವರಿಗೂ ಇದೆ.

ಸೋಂಕಿನೊಂದಿಗೆ ಹೋರಾಡುತ್ತಿರುವ ಬಿಳಿ ರಕ್ತಕಣಗಳಿಗೆ ಅದು ಬಹಳ. ಕ್ಷಯ, ಸಾರ್ಕಾಯ್ಡೋಸಿಸ್, ಇತ್ತೀಚಿನ ಶಸ್ತ್ರಚಿಕಿತ್ಸೆಯ ಗಾಯ, ಹೊಲಿಗೆಯ ದಾರದ ಸುತ್ತ ಕಟ್ಟಿಕೊಂಡ ಗಂಟು, ನೆಗಡಿಯಿಂದ ಊದಿದ ದುಗ್ಧಗ್ರಂಥಿ, ಎಲ್ಲವೂ ಬೆಳಗುತ್ತವೆ. ಚಳಿಯಲ್ಲಿ ಕುಳಿತ ತೆಳು ಮೈಕಟ್ಟಿನ ಎಳೆಯರಲ್ಲಿ ಕುತ್ತಿಗೆಯ ಎರಡೂ ಬದಿಯ ಕಂದು ಕೊಬ್ಬು ಶಾಖ ಹುಟ್ಟಿಸುತ್ತ ಗ್ಲೂಕೋಸನ್ನು ಉರಿಸುತ್ತದೆ. ಪೆಟ್ ಚಿತ್ರದಲ್ಲಿ ಅದು ಥೇಟ್ ಹರಡಿದ ದುಗ್ಧಗ್ರಂಥಿಗಳ ಸಾಲಿನಂತೆಯೇ ಕಾಣುತ್ತದೆ. ಸಿಟಿಯಲ್ಲಿ ಆ ಜಾಗ ಬರೀ ಕೊಬ್ಬೆಂದು ಗೊತ್ತಾಗುವುದರಿಂದ ತಪ್ಪು ತಿಳಿಯುತ್ತದೆ. ಬೆಚ್ಚಗೆ ಇರಿ ಎನ್ನುವುದು ಅದಕ್ಕಾಗಿ.

ಥೈರಾಯ್ಡ್ ರೋಗಿಗಳಲ್ಲಿ ವಿಶೇಷವಾಗಿ ಕಾಡುವ ಇನ್ನೊಂದು ಮೋಸ ಧ್ವನಿತಂತುವಿನದು. ಧ್ವನಿಪೆಟ್ಟಿಗೆಗೆ ಹೋಗುವ ನರ ಥೈರಾಯ್ಡಿಗೆ ಅಂಟಿಕೊಂಡೇ ಸಾಗುತ್ತದೆ. ಶಸ್ತ್ರಚಿಕಿತ್ಸೆಯಲ್ಲಿ ಅಥವಾ ಕ್ಯಾನ್ಸರಿನಿಂದಲೇ ಒಂದು ಬದಿಯ ನರಕ್ಕೆ ಪೆಟ್ಟಾಗಿದ್ದರೆ ಆ ಬದಿಯ ಧ್ವನಿತಂತು ಅಲುಗದು. ಮಾತಾಡುವಾಗ ಎದುರು ಬದಿಯದು ಇಬ್ಬರ ಕೆಲಸವನ್ನೂ ಮಾಡುತ್ತದೆ, ಅದರ ಸ್ನಾಯು ಹೆಚ್ಚು ಗ್ಲೂಕೋಸ್ ಬಳಸುತ್ತದೆ. ಚಿತ್ರದಲ್ಲಿ ಕುತ್ತಿಗೆಯ ನಡುವೆ, ಒಂದು ಬದಿಗೆ, ಪ್ರಖರವಾದ ಚುಕ್ಕೆ. ಕ್ಯಾನ್ಸರ್ ಇರಬೇಕಾದ ಜಾಗಕ್ಕೆ ಬಹಳ ಹತ್ತಿರ. ಚುಚ್ಚುಮದ್ದಿನ ನಂತರ ಮೌನವಾಗಿರಿ ಎನ್ನುವ ಸೂಚನೆ ಬಂದದ್ದು ಹೀಗೆ. ಧ್ವನಿ ಬದಲಾಗಿರುವ ಸಂಗತಿಯನ್ನು ರೋಗಿ ಹೇಳಿದ್ದರೆ ವರದಿ ಬರೆಯುವವರಿಗೆ ಅದು ಚಿತ್ರದಷ್ಟೇ ಮುಖ್ಯವಾದ ಮಾಹಿತಿ. ಒಟ್ಟಿನಲ್ಲಿ, ಪೆಟ್‌ನಲ್ಲಿ ಬೆಳಗಿದ ಗಂಟನ್ನು ಕತ್ತರಿಸಹೊರಡುವ ಮೊದಲು ಸಾಧ್ಯವಿದ್ದಲ್ಲೆಲ್ಲ ಸೂಜಿ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು.

ಕಾಣದೆ ಉಳಿಯುವುದಕ್ಕೂ ಕಾರಣಗಳಿವೆ. ನಾಲ್ಕೈದು ಮಿಲಿಮೀಟರಿಗಿಂತ ಚಿಕ್ಕದಾದ ಗಂಟು ಪೆಟ್‌ನ ದೃಷ್ಟಿಗೆ ಸುಲಭವಾಗಿ ಸಿಗುವುದಿಲ್ಲ. ಶ್ವಾಸಕೋಶದಲ್ಲಿ ಉಸಿರಾಟದ ಚಲನೆ ಅದನ್ನು ಇನ್ನಷ್ಟು ಮಸುಕಾಗಿಸುತ್ತದೆ. ಅಂಥ ಸಣ್ಣ ಗಂಟುಗಳಿಗೆ ಉಸಿರು ಹಿಡಿದು ತೆಗೆದ ಎದೆಯ ಸಿಟಿಯೇ ಮೇಲು. ಮಿದುಳು ಸ್ವಭಾವತಃ ಅಪಾರ ಗ್ಲೂಕೋಸ್ ಬಳಸುವುದರಿಂದ ಅಲ್ಲಿನ ಗಡ್ಡೆ ಹಿನ್ನೆಲೆಯಲ್ಲಿ ಮುಚ್ಚಿಹೋಗುತ್ತದೆ. ಅದನ್ನು ನೋಡಲು ಎಂಆರ್‌ಐ ಬೇಕು.

ಚಿತ್ರದಿಂದ ಮುಂದೇನು

ಕುತ್ತಿಗೆಯಲ್ಲಿ ಒಂದೆರಡು ಗಂಟುಗಳಷ್ಟೇ ಬೆಳಗಿದ್ದರೆ, ಬೇರೆಲ್ಲೂ ಏನೂ ಇಲ್ಲದಿದ್ದರೆ, ಶಸ್ತ್ರವೈದ್ಯರಿಗೆ ಖಚಿತ ಗುರಿ ಸಿಕ್ಕಿತು. ಪೆಟ್‌ನಿಂದ ರೋಗಿಗೆ ಆಗುವ ಅತ್ಯಂತ ನೇರ ಲಾಭ ಇದೇ. ದೂರದ ಅಂಗಗಳಲ್ಲಿಯೂ ರೋಗ ಕಂಡರೆ ಕುತ್ತಿಗೆಗೆ ದೊಡ್ಡ ಶಸ್ತ್ರಚಿಕಿತ್ಸೆ ಮಾಡಬೇಕೇ ಎಂಬುದನ್ನು ಮತ್ತೆ ಯೋಚಿಸಬೇಕಾಗುತ್ತದೆ.

ಎರಡನೆಯ ಲಾಭ, ಮಾಡಬಾರದ್ದನ್ನು ತಪ್ಪಿಸುವುದು. ಹಿಂದೆ ಥೈರೋಗ್ಲೋಬ್ಯುಲಿನ್ ಏರಿದ್ದು ಸ್ಕ್ಯಾನ್ ಖಾಲಿ ಬಂದವರಿಗೆ ಅಂದಾಜಿನ ಮೇಲೆ ದೊಡ್ಡ ಪ್ರಮಾಣದ ಅಯೋಡಿನ್-131 ಮತ್ತೆ ಮತ್ತೆ ಕೊಡುವ ರೂಢಿ ವ್ಯಾಪಕವಾಗಿತ್ತು. ಕೆಲವರಲ್ಲಿ ಚಿಕಿತ್ಸೆಯ ನಂತರದ ಸ್ಕ್ಯಾನಿನಲ್ಲಿ ರೋಗ ಕಂಡದ್ದುಂಟು. ಆದರೆ ಎಫ್‌ಡಿಜಿಯನ್ನು ಬಲವಾಗಿ ಹಿಡಿಯುವ ಗಡ್ಡೆಗಳ ಮೇಲೆ ಅಯೋಡಿನ್ ಚಿಕಿತ್ಸೆ ಬಹುಮಟ್ಟಿಗೆ ನಿಷ್ಫಲ. ಉಳಿಯುವುದು ಜೊಲ್ಲುಗ್ರಂಥಿಗಳ ಹಾನಿ, ಒಣಗಿದ ಬಾಯಿ. ಪೆಟ್ ಬೆಳಗಿದ ಮೇಲೂ ಕುರುಡಾಗಿ ಅಯೋಡಿನ್ ಕುಡಿಸುವುದಕ್ಕೆ ನನಗೆ ಸಮರ್ಥನೆ ಕಾಣುವುದಿಲ್ಲ.

ಮೂರನೆಯದು ಭವಿಷ್ಯದ ಅಂದಾಜು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಕೇಂದ್ರದವರು 400 ಥೈರಾಯ್ಡ್ ಕ್ಯಾನ್ಸರ್ ರೋಗಿಗಳನ್ನು ಅಧ್ಯಯನ ಮಾಡಿ 2006ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಬೆಳಗಿದ ಗಂಟುಗಳ ಸಂಖ್ಯೆ ಮತ್ತು ಅವುಗಳಲ್ಲಿ ಅತಿ ಪ್ರಖರವಾದದ್ದರ ತೀವ್ರತೆ ಹೆಚ್ಚಿದಷ್ಟೂ ಬದುಕುಳಿಯುವ ಸಾಧ್ಯತೆ ಇಳಿಯುತ್ತಿತ್ತು. ಏನೂ ಬೆಳಗದವರಲ್ಲಿ ಅದು ಬಹಳ ಉತ್ತಮವಾಗಿತ್ತು. ಆದರೂ ಬೆಳಗಿತು ಎಂದ ಮಾತ್ರಕ್ಕೆ ಮರುದಿನವೇ ಔಷಧ ಶುರುವಾಗಬೇಕೆಂದಿಲ್ಲ. ಸಣ್ಣ ಗಂಟುಗಳು, ನಿಧಾನದ ಬೆಳವಣಿಗೆ, ಯಾವ ತೊಂದರೆಯೂ ಇಲ್ಲ ಎಂದಾದರೆ ಕೆಲವು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿ ಕಾಯುವುದೇ ಸೂಕ್ತ. ರೋಗ ಸ್ಪಷ್ಟವಾಗಿ ಮುಂದುವರಿದಾಗ ಸೊರಾಫೆನಿಬ್, ಲೆನ್ವಾಟಿನಿಬ್‌ನಂಥ ಮಾತ್ರೆಗಳಿವೆ. ಅಮೆರಿಕದಲ್ಲಿ ಈ ಬಗೆಯ ರೋಗಕ್ಕೆ ಅವುಗಳಿಗೆ 2013 ಮತ್ತು 2015ರಲ್ಲಿ ಅನುಮತಿ ಸಿಕ್ಕಿತು. ರೋಗವನ್ನು ಅವು ತಡೆಯುತ್ತವೆ, ಆದರೆ ರಕ್ತದೊತ್ತಡ, ಭೇದಿ, ಆಯಾಸ, ಅಂಗೈ ಅಂಗಾಲುಗಳ ಉರಿಯನ್ನೂ ತರುತ್ತವೆ.

ಹುಟ್ಟುಗುಣ ಬಿಟ್ಟ ಕೋಶಕ್ಕೆ ಅದನ್ನು ಮರಳಿಸಲು ಸಾಧ್ಯವೇ? 2013ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗವೊಂದರಲ್ಲಿ ಅಯೋಡಿನ್ ಹಿಡಿಯದ 20 ರೋಗಿಗಳಿಗೆ ಸೆಲ್ಯುಮೆಟಿನಿಬ್ ಎಂಬ ಮಾತ್ರೆಯನ್ನು ಕೆಲವು ವಾರ ಕೊಟ್ಟರು. ಸಕ್ಕರೆಯ ಬದಲು ಪಾಸಿಟ್ರಾನ್ ಹೊರಸೂಸುವ ಅಯೋಡಿನ್-124 ಬಳಸಿದ ಪೆಟ್‌ನಲ್ಲಿ 12 ಮಂದಿಯ ಗಡ್ಡೆಗಳು ಮತ್ತೆ ಅಯೋಡಿನ್ ಹಿಡಿಯತೊಡಗಿದವು. 8 ಮಂದಿಯಲ್ಲಿ ಅದು ಚಿಕಿತ್ಸೆಗೆ ಸಾಕಾಗುವಷ್ಟಿತ್ತು. ಅವರಲ್ಲಿ 5 ಮಂದಿಯ ಗಡ್ಡೆಗಳು ಕುಗ್ಗಿದವು, ಉಳಿದ ಮೂವರಲ್ಲಿ ಹಾಗೆಯೇ ನಿಂತವು. ಆಮೇಲೆ ಬಿಆರ್‌ಎಎಫ್ ಬದಲಾವಣೆಯನ್ನೇ ಗುರಿಯಾಗಿಸಿದ ಮಾತ್ರೆಗಳಿಂದಲೂ ಇಂಥ ಪ್ರಯತ್ನಗಳು ನಡೆದಿವೆ. ಎಲ್ಲರಿಗೂ ಒದಗುವ ಚಿಕಿತ್ಸೆ ಇದಲ್ಲ.

ಇನ್ನು ಅಲ್ಟ್ರಾಸೌಂಡಿನಲ್ಲಿ, ಅಯೋಡಿನ್ ಸ್ಕ್ಯಾನಿನಲ್ಲಿ, ಪೆಟ್‌ನಲ್ಲಿ, ಯಾವುದರಲ್ಲೂ ಏನೂ ಕಾಣದೆ ಥೈರೋಗ್ಲೋಬ್ಯುಲಿನ್ ಮಾತ್ರ ಏರಿರುವವರ ವಿಷಯ. ಇವರ ಸಂಖ್ಯೆ ಕಡಿಮೆಯೇನಲ್ಲ, ಅವರ ಆತಂಕವೂ. ಹೀಗೆ ರಕ್ತದಲ್ಲಷ್ಟೇ ಸುಳಿವಿದ್ದು ಚಿತ್ರದಲ್ಲಿ ಏನೂ ಇಲ್ಲದವರಲ್ಲಿ ಕನಿಷ್ಠ 30 ಪ್ರತಿಶತ ಮಂದಿಯ ಅಂಕಿ ಯಾವ ಹೆಚ್ಚಿನ ಚಿಕಿತ್ಸೆಯೂ ಇಲ್ಲದೆ ಕಾಲಕ್ರಮದಲ್ಲಿ ಸಹಜಕ್ಕೆ ಇಳಿಯುತ್ತದೆ. ಸುಮಾರು 20 ಪ್ರತಿಶತ ಮಂದಿಯಲ್ಲಿ ಮುಂದೆ ಕಾಣುವಂಥ ರೋಗ ಬೆಳೆಯುತ್ತದೆ. ಈ ಗುಂಪಿನಲ್ಲಿ ಥೈರಾಯ್ಡ್ ಕ್ಯಾನ್ಸರಿನಿಂದಲೇ ಸಾಯುವವರು ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಇಂಥವರು ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಒಂದೇ ಪ್ರಯೋಗಾಲಯದಲ್ಲಿ, ಒಂದೇ ವಿಧಾನದಲ್ಲಿ ಥೈರೋಗ್ಲೋಬ್ಯುಲಿನ್ ಮತ್ತು ಅದರ ಪ್ರತಿಕಾಯಗಳನ್ನು ಅಳೆಸಿಕೊಳ್ಳಬೇಕು, ಜೊತೆಗೆ ಕುತ್ತಿಗೆಯ ಅಲ್ಟ್ರಾಸೌಂಡ್ ಮಾಡಿಸುತ್ತಿರಬೇಕು. ಪ್ರಯೋಗಾಲಯ ಬದಲಾದರೆ ವಿಧಾನ ಬದಲಾಗಿ ಅಂಕಿಯೂ ಬದಲಾಗುತ್ತದೆ, ರೋಗ ಏರಿದೆಯೋ ಯಂತ್ರ ಬದಲಾಗಿದೆಯೋ ತಿಳಿಯದಂತಾಗುತ್ತದೆ. ಅಂಕಿ ನಿಂತಲ್ಲೇ ನಿಂತಿದ್ದರೆ ಪೆಟ್ ಸ್ಕ್ಯಾನನ್ನು ಮತ್ತೆ ಮಾಡಿಸುವ ಅಗತ್ಯವಿಲ್ಲ. ಅದು ಸ್ಪಷ್ಟವಾಗಿ ಏರತೊಡಗಿದರೆ, ಆಗ ಮತ್ತೊಮ್ಮೆ.